ಮೂಷಿಕದ ಮರಣವೂ ಶ್ರಾವಕನ ವ್ರತವೂ

ಮನೆಯಲ್ಲಿ ಸಾಕಿದ ಒಂದು ಇಲಿ ಪ್ರಾಣ ಬಿಡುವ ಸ್ಥಿತಿಯಲ್ಲಿದ್ದರೆ ಶ್ರಾವಕನ ಕರ್ತವ್ಯವೇನು? ಈ ಪ್ರಶ್ನೆಯನ್ನು ಕೇಳಿ ನಗುವವರುಂಟು. ಇಲಿಯೆಂದರೆ ಕಣಜದ ಶತ್ರು, ಬಟ್ಟೆ ಪುಸ್ತಕಗಳ ವೈರಿ. ಅದರ ಸಾವಿಗೂ ಒಂದು ಧರ್ಮವಿಚಾರವೇ ಎಂದು ಅವರು ಕೇಳುವರು. ಆದರೆ ಜಿನಾಗಮದ ದೃಷ್ಟಿಯಲ್ಲಿ ಇದು ನಗೆಯ ವಿಷಯವಲ್ಲ. ಇಲಿಯು ಗರ್ಭಜನ್ಮವುಳ್ಳ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವ. ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರಗಳೆಂಬ ಐದು ಇಂದ್ರಿಯಗಳೂ ಅದಕ್ಕುಂಟು, ಮನಸ್ಸೂ ಉಂಟು. ಇಂತಹ ತಿರ್ಯಂಚ ಜೀವಕ್ಕೆ ಕಾಲಲಬ್ಧಿ ಒದಗಿದರೆ ಸಮ್ಯಗ್ದರ್ಶನವಾಗಬಹುದು, ಐದನೆಯ ಗುಣಸ್ಥಾನದವರೆಗೂ ಅದು ಏರಬಹುದು ಎಂದು ಆಚಾರ್ಯರು ಹೇಳಿದ್ದಾರೆ. ಆನೆಯ ಆತ್ಮಕ್ಕೂ ಇಲಿಯ ಆತ್ಮಕ್ಕೂ ಪ್ರದೇಶಗಳ ಲೆಕ್ಕದಲ್ಲಿ ಭೇದವಿಲ್ಲ. ಒಂದೇ ದೀಪ ಹಜಾರದಲ್ಲಿಟ್ಟರೆ ಹಜಾರವನ್ನೂ ಗೂಡಿನಲ್ಲಿಟ್ಟರೆ ಗೂಡನ್ನೂ ತುಂಬುವಂತೆ, ಜೀವವು ದೊರೆತ ದೇಹವನ್ನು ತುಂಬಿಕೊಂಡಿರುತ್ತದೆ. ಆದುದರಿಂದ ಚಿಕ್ಕ ಪ್ರಾಣಿಯ ಮರಣ ಚಿಕ್ಕ ಸಂಗತಿಯಲ್ಲ.

ಲೌಕಿಕ ವಿಜ್ಞಾನವೂ ಈಗ ಇದನ್ನು ಬೇರೊಂದು ಬಾಗಿಲಿನಿಂದ ಕಾಣುತ್ತಿದೆ. ಅಮೆರಿಕೆಯ ಶಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕಿರಿದಾದ ಕೊಳವೆಯೊಳಗೆ ಸಿಕ್ಕಿಕೊಂಡ ಜೊತೆಗಾರ ಇಲಿಯನ್ನು ಹೊರಗಿನ ಇಲಿ ತಾನೇ ಬಾಗಿಲು ತೆರೆಯಲು ಕಲಿತು ಬಿಡಿಸಿತು. ಪಕ್ಕದಲ್ಲಿ ಚಾಕೊಲೇಟಿನ ಚೂರುಗಳನ್ನು ಇಟ್ಟಿದ್ದರೂ ಸಂಗಾತಿಯನ್ನು ಬಿಡಿಸಿತು. ಅನೇಕ ಸಲ ಆ ತಿನಿಸನ್ನು ಅದರೊಡನೆ ಹಂಚಿಕೊಂಡಿತು. ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಹೇಳಿದುದು ಮನುಷ್ಯರನ್ನು ಮಾತ್ರ ಕುರಿತು ಅಲ್ಲ. ಪ್ರಯೋಗಕ್ಕಾಗಿ ಪ್ರಾಣಿಯನ್ನು ಬಂಧಿಸುವುದನ್ನು ಜೈನನು ಮೆಚ್ಚಲಾರ. ಆದರೆ ಬಂಧನದಲ್ಲಿದ್ದ ಆ ಮೂಕ ಜೀವಗಳು ಬಂಧಿಸಿದವರಿಗೇ ಕಲಿಸಿದ ಪಾಠವನ್ನು ಅಲ್ಲಗಳೆಯುವಂತಿಲ್ಲ.

ವಿಷಯವು ಮನಸ್ಸಿಗೆ ಹತ್ತುವಂತೆ ಹಾಸನ ಸೀಮೆಯ ಒಂದು ಶ್ರಾವಕ ಕುಟುಂಬವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಮನೆಯ ಯಜಮಾನನಿಗೆ ದಿನಸಿ ವ್ಯಾಪಾರ. ಆತನ ತಾಯಿ ಅಷ್ಟಮಿ ಚತುರ್ದಶಿಗಳ ಉಪವಾಸವನ್ನು, ರಾತ್ರಿಭೋಜನ ತ್ಯಾಗವನ್ನು ತಾರುಣ್ಯದಿಂದ ಪಾಲಿಸಿಕೊಂಡು ಬಂದ ವೃದ್ಧೆ. ಮಗಳು ಏಳನೆಯ ತರಗತಿಯ ಬಾಲಿಕೆ. ನೆರೆಮನೆಯವರಿಗೆ ದೂರದ ಊರಿಗೆ ವರ್ಗವಾಯಿತು. ಅವರ ಹುಡುಗ ಸಾಕಿದ್ದ ಒಂದು ಬಿಳಿಯ ಹೆಣ್ಣಿಲಿ ಉಳಿಯಿತು. ಬಾಲಿಕೆ ಅದನ್ನು ಪಂಜರದೊಡನೆ ಮನೆಗೆ ತಂದಳು.

ಅಜ್ಜಿ ಮೊದಲು ಒಪ್ಪಲಿಲ್ಲ. "ಬಾರದಿರಲಿ ಎಂದು ಬಿಲ ಮುಚ್ಚುವ ಮನೆಗೆ ಇಲಿಯನ್ನು ಕರೆತಂದೆಯಾ?" ಎಂದರು.

"ನಾವು ಬೇಡವೆಂದರೆ ಬೀದಿಯಲ್ಲಿ ಬಿಟ್ಟುಹೋಗುತ್ತಾರಂತೆ ಅಜ್ಜಿ. ಬೆಕ್ಕು ಹಿಡಿಯುವುದಿಲ್ಲವೇ?" ಎಂದಳು ಹುಡುಗಿ.

ಅಜ್ಜಿ ಮರುಮಾತಾಡದೆ ಒಳಗೆ ಹೋಗಿ ಒಂದು ಪುಟ್ಟ ಹಿತ್ತಾಳೆಯ ಬಟ್ಟಲನ್ನು ತಂದು ಪಂಜರದ ಬಳಿ ಇಟ್ಟರು. ಇಲಿಗೆ ಬೆಳ್ಳಿ ಎಂದು ಹೆಸರಾಯಿತು.

ಸಾಕುವುದೆಂದರೆ ಒಂದು ಜೀವದ ಭಾರವನ್ನು ಹೊರುವುದು. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕೊಯ್ಯುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರನ್ನು ತಡೆಯುವುದು ಎಂದು ಇವುಗಳ ಅರ್ಥ. ಪಂಜರವೆಂದರೆ ಬಂಧವೇ ಎಂದು ಅಜ್ಜಿಗೆ ತಿಳಿದಿತ್ತು. ಸಾಕಿದ ಇಲಿಗೆ ಹೊರಗೆ ಬದುಕಲು ಬಾರದು. ಬಿಡುವುದೂ ಹಿಂಸೆ, ಕೂಡಿಡುವುದೂ ಹಿಂಸೆ. ಆದುದರಿಂದ ದೊಡ್ಡ ಪಂಜರವನ್ನು ಮಾಡಿಸಿದರು. ಸಂಜೆಯ ಹೊತ್ತಿನಲ್ಲಿ ಕೋಣೆಯ ಕದವಿಕ್ಕಿ ಪಂಜರದ ಬಾಗಿಲನ್ನು ತೆರೆದಿಡುವುದೆಂದು ಗೊತ್ತುಮಾಡಿದರು. ತಪ್ಪಿಸಲಾಗದ ದೋಷವನ್ನು ಕಡಮೆ ಮಾಡುವುದು ಗೃಹಸ್ಥನ ವಿವೇಕ.

ಮುಂದೆ ಇನ್ನೊಂದು ತೊಡಕು ಬಂತು. ಇಲಿ ರಾತ್ರಿಯ ಪ್ರಾಣಿ. ಹಗಲು ನಿದ್ರಿಸಿ ಇರುಳು ಉಣ್ಣುವುದು ಅದರ ಸ್ವಭಾವ. ರಾತ್ರಿ ಒಲೆ ಹೊತ್ತದ ಮನೆಯಲ್ಲಿ ರಾತ್ರಿ ಉಣ್ಣುವ ಅತಿಥಿ! ಅಜ್ಜಿ ಕೆಲವು ದಿನ ಚಿಂತಿಸಿ, ಸೂರ್ಯಾಸ್ತಕ್ಕೆ ಮೊದಲೇ ಗೋಧಿ, ಅಕ್ಕಿ, ಬೆಂದ ಹೆಸರುಕಾಳು, ಸೌತೆಯ ಹೋಳುಗಳನ್ನು ಬಟ್ಟಲಲ್ಲಿಡುವ ಪದ್ಧತಿಯನ್ನು ಮಾಡಿದರು. ಅದು ಯಾವಾಗ ತಿನ್ನುವುದೋ ಅದರ ಇಚ್ಛೆ. "ರಾತ್ರಿ ತಿನ್ನೆನೆಂದು ಪ್ರತಿಜ್ಞೆ ಮಾಡಿದವಳು ನಾನು, ಬೆಳ್ಳಿಯಲ್ಲ" ಎಂದು ಅವರು ಹೇಳಿದುದು ಸಾಮಾನ್ಯ ಮಾತಲ್ಲ. ವ್ರತಶಾಸ್ತ್ರದ ಸಾರವೇ ಅದರಲ್ಲಿದೆ. ವ್ರತವು ಅದನ್ನು ತೆಗೆದುಕೊಂಡವನಿಗೆ ಮಾತ್ರ ಸಲ್ಲುತ್ತದೆ. ಅರಿತು, ಬಯಸಿ, ಗುರುಸಾಕ್ಷಿಯಾಗಿ ಅಥವಾ ಆತ್ಮಸಾಕ್ಷಿಯಾಗಿ ಸ್ವೀಕರಿಸಿದುದು ವ್ರತ. ಇನ್ನೊಬ್ಬರ ಮೇಲೆ ಹೊರಿಸಿದುದು ವ್ರತವಲ್ಲ, ನಿರ್ಬಂಧ.

ಈ ಮಾತಿನ ತೂಕ ಒಂದು ಅಷ್ಟಮಿಯಂದು ಮನೆಯವರಿಗೆಲ್ಲ ಅರಿವಾಯಿತು. ಅಂದು ಎಲ್ಲರಿಗೂ ಉಪವಾಸ. ಅಡಿಗೆಯ ಮನೆಗೆ ಯಾರೂ ಕಾಲಿಡಲಿಲ್ಲ. ಬಸದಿಯಲ್ಲಿ ಅಭಿಷೇಕ, ಪೂಜೆ, ಸ್ವಾಧ್ಯಾಯಗಳನ್ನು ಮುಗಿಸಿ ಮಧ್ಯಾಹ್ನ ಹಿಂದಿರುಗಿದಾಗ ಬೆಳ್ಳಿಯ ಬಟ್ಟಲು ಬರಿದಾಗಿತ್ತು, ನೀರಿನ ಕುಡಿಕೆಯೂ ಒಣಗಿತ್ತು. ಇಲಿ ಪಂಜರದ ಕಂಬಿಯನ್ನು ಹಿಡಿದು ನಿಂತಿತ್ತು. ಅಜ್ಜಿ ಅಲ್ಲಿಯೇ ಕುಳಿತು, "ನನ್ನ ಉಪವಾಸ ಇವತ್ತು ಮುರಿಯಿತು" ಎಂದರು. ಒಂದು ಹನಿ ನೀರನ್ನೂ ಅವರು ಕುಡಿದಿರಲಿಲ್ಲ. ಆದರೂ ಅವರ ಮಾತು ಸತ್ಯ. ತಾನು ಹಸಿದರೆ ತಪಸ್ಸು, ತನ್ನನ್ನು ನಂಬಿದ ಜೀವವನ್ನು ಹಸಿಯಗೊಟ್ಟರೆ ಅನ್ನಪಾನನಿರೋಧ. ಹೊಟ್ಟೆಯ ಹಸಿವು ಎರಡರಲ್ಲೂ ಒಂದೇ, ಫಲ ಮಾತ್ರ ಒಂದಕ್ಕೊಂದು ವಿರುದ್ಧ. ಅಂದಿನಿಂದ ಪರ್ವದ ದಿನಗಳಲ್ಲಿ ಮೊದಲು ಬೆಳ್ಳಿಯ ಬಟ್ಟಲು ತುಂಬುವುದು, ಆಮೇಲೆ ಬಸದಿಗೆ ಹೊರಡುವುದು ಎಂಬ ಕ್ರಮವಾಯಿತು. ಹಸು, ಎಮ್ಮೆ, ನಾಯಿ, ಗಿಳಿ ಯಾವುದನ್ನೇ ಸಾಕಿದ ವ್ರತಿಕರ ಮನೆಗಳಲ್ಲೂ ಈ ಕ್ರಮವಿರುವುದು ಅಗತ್ಯ.

ಸಾಕಿದ ಇಲಿಯ ಆಯುಷ್ಯ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ಮಕ್ಕಳ ಅಂಗಿ ಎರಡು ಸಲ ಗಿಡ್ಡವಾಗುವಷ್ಟರಲ್ಲಿ ಅದರ ಬಾಲ್ಯ, ಯೌವನ, ವಾರ್ಧಕ್ಯಗಳು ಮುಗಿದುಹೋಗುತ್ತವೆ. ಅನಿತ್ಯಾನುಪ್ರೇಕ್ಷೆಯನ್ನು ಪುಸ್ತಕದಲ್ಲಿ ಓದುವವರಿಗೆ ಇಲಿಯೊಂದು ಅದನ್ನು ಕಣ್ಣೆದುರಿಗೇ ನಡೆದು ತೋರಿಸುತ್ತದೆ. ಬೆಳ್ಳಿಗೂ ಮುಪ್ಪು ಬಂತು. ಭಾದ್ರಪದದ ದಶಲಕ್ಷಣ ಪರ್ವ ಆರಂಭವಾಗುವ ಹೊತ್ತಿಗೆ ಅದರ ಮುಂಗಾಲಿನ ಕಂಕುಳಲ್ಲಿ ಗಡ್ಡೆಯೊಂದು ಬೆಳೆದಿತ್ತು. ಹೆಣ್ಣಿಲಿಗಳಿಗೆ ಇದು ಆಗಾಗ ಬರುವ ವ್ಯಾಧಿ. ಉಸಿರಿನಲ್ಲಿ ಗೊರಗೊರ ಸದ್ದು ಕೇಳುತ್ತಿತ್ತು. ಕಣ್ಣಿನ ಸುತ್ತ ಕೆಂಪು ಒಸರಿತ್ತು. ಅದು ರಕ್ತವೆಂದು ಬಾಲಿಕೆ ಅತ್ತಳು. ರಕ್ತವಲ್ಲ, ಇಲಿಯ ಕಣ್ಣೀರಿನಲ್ಲೇ ಒಂದು ಕೆಂಪು ವರ್ಣದ್ರವ್ಯವಿದ್ದು ರೋಗದಲ್ಲಿ ಅದು ಹೆಚ್ಚಾಗಿ ಸುರಿಯುತ್ತದೆ ಎಂದು ಪಶುವೈದ್ಯರು ವಿವರಿಸಿದರು. ಶಸ್ತ್ರಕ್ರಿಯೆಯನ್ನು ಈ ದೇಹ ತಾಳಲಾರದು, ಬೇಕಾದರೆ ನೋವಿಲ್ಲದೆ ಪ್ರಾಣ ಹೋಗುವಂತೆ ಒಂದು ಚುಚ್ಚುಮದ್ದು ಕೊಡಬಹುದು ಎಂದರು. ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಅನುಕಂಪವೇ ಇತ್ತು.

ತಂದೆಯ ಮನಸ್ಸು ಓಲಾಡಿತು. ಮನೆಗೆ ಬಂದು ತಾಯಿಯನ್ನು ಕೇಳಿದರು. "ನೋವಿನಿಂದ ಬಿಡಿಸುವುದು ದಯೆಯಲ್ಲವೇ ಅಮ್ಮ?"

"ಬೆಳ್ಳಿಯನ್ನು ಕೇಳಿದೆಯಾ ಮಗ?" ಎಂದರು ತಾಯಿ. "ಅದಕ್ಕೆ ನೋವಿದೆ, ನಿಜ. ನೋಡಲಾರೆನೆಂಬುದು ನಿನ್ನ ನೋವು. ನಿನ್ನ ನೋವು ತೀರಲೆಂದು ಅದರ ಪ್ರಾಣ ತೆಗೆಯಬೇಡ."

ಭವ್ಯಬಂಧುಗಳು ಇಲ್ಲಿ ನಿಂತು ವಿಚಾರ ಮಾಡಬೇಕು. ಇಂದು ಅನೇಕ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಿದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಶತಮಾನಗಳ ಹಿಂದೆಯೇ ಇದನ್ನು ಎತ್ತಿಕೊಂಡು, ಬಹುದುಃಖದಲ್ಲಿರುವ ಜೀವವನ್ನು ಕೊಂದರೆ ಅದಕ್ಕೆ ಬೇಗ ಬಿಡುಗಡೆಯಾಗುವುದೆಂಬ ಭಾವನೆ ತಪ್ಪೆಂದೂ ಅದನ್ನು ನಂಬಿ ಕೊಲ್ಲಬಾರದೆಂದೂ ನಿಷೇಧಿಸಿದ್ದಾರೆ. ಕಾರಣ ಸ್ಪಷ್ಟ. ವೇದನೆ ಅಸಾತಾವೇದನೀಯ ಕರ್ಮದ ಉದಯದಿಂದ ಬಂದುದು. ದೇಹವನ್ನು ಕೆಡವಿದರೆ ಕರ್ಮ ಕೆಡವಿದಂತಾಗದು. ಉಳಿದ ಕರ್ಮ ಜೀವದೊಡನೆ ಮುಂದಿನ ಮನೆಗೆ ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಕಾರಣ ಮತ್ತೊಂದುಂಟು. ಕರ್ಮಭೂಮಿಯ ಮನುಷ್ಯ ತಿರ್ಯಂಚರಿಗೆ ಮುಂದಿನ ಭವದ ಆಯುಷ್ಯ ಯಾವಾಗ ಬೇಕಾದರೆ ಆಗ ಬಂಧವಾಗುವುದಿಲ್ಲ. ಈಗಿನ ಆಯುಷ್ಯದ ಮೂರರಲ್ಲಿ ಎರಡು ಭಾಗ ಕಳೆದಾಗ ಒಂದು ಅವಕಾಶ. ಆಗ ಬಂಧವಾಗದಿದ್ದರೆ ಉಳಿದುದರಲ್ಲಿ ಮತ್ತೆ ಎರಡು ಭಾಗ ಕಳೆದಾಗ ಇನ್ನೊಂದು. 27 ತಿಂಗಳ ಆಯುಷ್ಯವುಳ್ಳ ಇಲಿಯೆಂದು ಇಟ್ಟುಕೊಂಡರೆ 9 ತಿಂಗಳು ಉಳಿದಾಗ, 3 ತಿಂಗಳು ಉಳಿದಾಗ, 1 ತಿಂಗಳು ಉಳಿದಾಗ, 10 ದಿನ ಉಳಿದಾಗ, ಹೀಗೆ ಎಂಟು ಸಲ. ಅಷ್ಟರಲ್ಲಿಯೂ ಆಗದಿದ್ದರೆ ಕಟ್ಟಕಡೆಯ ಅಂತರ್ಮುಹೂರ್ತದಲ್ಲಿ ಆಗಲೇಬೇಕು. ಲೆಕ್ಕವನ್ನು ನೋಡಿದರೆ ಅವಕಾಶಗಳೆಲ್ಲ ಕೊನೆಕೊನೆಗೇ ದಟ್ಟವಾಗುತ್ತ ಹೋಗುವುದು ಕಾಣುತ್ತದೆ. ನಿಷ್ಪ್ರಯೋಜಕವೆಂದು, ಬರಿಯ ನರಳಾಟವೆಂದು ತೋರುವ ಆ ಕೊನೆಯ ದಿನಗಳೇ ಜೀವದ ಮುಂದಿನ ಗತಿಯನ್ನು ಗೊತ್ತುಮಾಡುವ ಬಹುಮೂಲ್ಯ ಕಾಲವಾಗಿರಬಹುದು. ಅದನ್ನು ಕತ್ತರಿಸುವ ಅಧಿಕಾರ ಯಾರಿಗೆ ಇದೆ?

ಹಾಗಾದರೆ ಸಲ್ಲೇಖನ ಎಂದರೇನು, ಅದೂ ಮರಣವೇ ತಾನೆ ಎಂದು ಕೇಳುವವರುಂಟು. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ಎಣಿಸಿ ತೀರ್ಪು ಕೊಟ್ಟಾಗ ಜೈನ ಸಮಾಜವೆಲ್ಲ ನೊಂದಿತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಅಂದು ಸಮಾಜದ ವಾದವೇನಾಗಿತ್ತು? ಸಲ್ಲೇಖನವು ಅರಿತು, ಪ್ರಸನ್ನ ಚಿತ್ತದಿಂದ, ಸ್ವಂತ ಇಚ್ಛೆಯಿಂದ ಸ್ವೀಕರಿಸುವ ವ್ರತ. ಯಾರ ಮೇಲೂ ಹೇರುವುದಲ್ಲ ಎಂಬುದೇ ಅಲ್ಲವೇ? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸಲ್ಲೇಖನದ ಸೂತ್ರವನ್ನು ವಿವರಿಸುವಾಗ, ಪ್ರೀತಿಯಿಲ್ಲದವನಿಂದ ಅದನ್ನು ಬಲವಂತವಾಗಿ ಮಾಡಿಸಲಾಗದೆಂದು ತಿಳಿಸಿದ್ದಾರೆ. ಮನುಷ್ಯನ ಮೇಲೆಯೇ ಹೇರಬಾರದ್ದನ್ನು ಬಾಯಿಲ್ಲದ ಪ್ರಾಣಿಯ ಮೇಲೆ ಹೇರುವುದು ಹೇಗೆ? ರಾತ್ರಿಯ ಬಟ್ಟಲಿಗೆ ಅನ್ವಯಿಸಿದ ನ್ಯಾಯವೇ ಪ್ರಾಣಕ್ಕೂ ಅನ್ವಯಿಸುತ್ತದೆ. ತ್ಯಾಗವನ್ನು ತನ್ನದರಲ್ಲಿ ಮಾಡಬಹುದು, ಪರರದರಲ್ಲಿ ಮಾಡಲಾಗದು.

ಈ ಮಾತುಗಳನ್ನು ಓದುವಾಗ ಹಿಂದೆ ಎಂದಾದರೂ ತಮ್ಮ ನಾಯಿಗೋ ಬೆಕ್ಕಿಗೋ ಆ ಚುಚ್ಚುಮದ್ದನ್ನು ಕೊಡಿಸಿದವರ ಎದೆ ನೋಯಬಹುದು. ಅವರ ಭಾವದಲ್ಲಿ ದ್ವೇಷವಿರಲಿಲ್ಲ. ಭಾವದ ಭೇದಕ್ಕೆ ತಕ್ಕಂತೆ ಬಂಧದಲ್ಲಿಯೂ ಭೇದವಿದೆ. ತಿಳಿಯದೆ ಆದುದಕ್ಕೆ ಆಲೋಚನೆ, ಪ್ರತಿಕ್ರಮಣಗಳ ದಾರಿ ತೆರೆದಿದೆ. ಗುರುಗಳ ಬಳಿ ಹೇಳಿಕೊಂಡು ಪ್ರಾಯಶ್ಚಿತ್ತ ಪಡೆಯುವುದು, ಇನ್ನು ಮುಂದೆ ಮಾಡೆನೆಂಬ ನಿಯಮ ತೆಗೆದುಕೊಳ್ಳುವುದು ಯುಕ್ತ. ಹಳೆಯದನ್ನು ನೆನೆದು ತಮ್ಮನ್ನು ತಾವೇ ಹಳಿದುಕೊಳ್ಳುತ್ತ ಕೂರುವುದರಿಂದ ಯಾರಿಗೂ ಒಳಿತಿಲ್ಲ.

ಕೊಲ್ಲಬಾರದು ಎಂದ ಮಾತ್ರಕ್ಕೆ ಕೈಕಟ್ಟಿ ಕೂರಬೇಕೆಂದು ಅರ್ಥವಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಶ್ರಾವಕನಿಗೆ ವಿಧಿಸಿದೆ. ಸಾಯುವ ಪ್ರಾಣಿಗೆ ಈ ನಾಲ್ಕನ್ನೂ ಕರುಣೆಯಿಂದ ಕೊಡಬಹುದು. ಆ ಮನೆಯಲ್ಲಿ ಹಾಗೆಯೇ ನಡೆಯಿತು. ತಂದೆ ಮತ್ತೆ ವೈದ್ಯರಲ್ಲಿಗೆ ಹೋಗಿ ನೋವು ತಗ್ಗಿಸುವ ಔಷಧವನ್ನು ತಂದರು. ವೇದನೆಯನ್ನು ಶಮನ ಮಾಡುವುದು ಹಿಂಸೆಯಲ್ಲ, ಸೇವೆ. ತಾಯಿ ಹೆಸರುಬೇಳೆಯ ತಿಳಿಗಂಜಿಯನ್ನು ಬೆರಳ ತುದಿಯಿಂದ ನೆಕ್ಕಿಸಿದರು. ಬೇಡವೆಂದು ಮುಖ ತಿರುಗಿಸಿದಾಗ ಬಲವಂತ ಮಾಡಲಿಲ್ಲ, ನೀರನ್ನು ಮಾತ್ರ ಯಾವಾಗಲೂ ಬಾಯಿಗೆಟಕುವಂತೆ ಇಟ್ಟರು. ಬಾಲಿಕೆ ತನ್ನ ಹಳೆಯ ಹತ್ತಿಯ ಲಂಗವನ್ನು ಹಾಸಿ, ಕಿಟಕಿಯ ಗಾಳಿಗೆ ಮರೆಮಾಡಿ, ಪರಿಚಿತವಾದ ವಾಸನೆಯಲ್ಲಿ ಅದು ಅಂಜದೆ ಮಲಗುವಂತೆ ಮಾಡಿದಳು. ನೋಡಲು ಬಂದ ಮಕ್ಕಳ ಕೈಯಿಂದ ಕೈಗೆ ಅದನ್ನು ದಾಟಿಸಗೊಡಲಿಲ್ಲ. ಅದು ಅಭಯದಾನ. ಅಜ್ಜಿ ರಾತ್ರಿ ಪಕ್ಕದಲ್ಲಿ ಕುಳಿತು ಣಮೋಕಾರ ಮಂತ್ರವನ್ನು ಮೆಲುದನಿಯಲ್ಲಿ ಹೇಳಿದರು. ಇಲಿಯ ಕಿವಿ ಮನುಷ್ಯನ ಕಿವಿಗಿಂತ ಸೂಕ್ಷ್ಮ. ಗಂಟೆ ಬಾರಿಸಿ, ಗಟ್ಟಿಯಾಗಿ ಹಾಡಿದರೆ ಅದಕ್ಕೆ ಭಯವೇ ಆಗುವುದು. ಮಂತ್ರವೂ ಅಭಯವನ್ನು ಕೆಡಿಸದಂತೆ ಇರಬೇಕು.

ಪ್ರಾಣಿಗೆ ಮಂತ್ರ ತಿಳಿಯುವುದೇ? ಜೀವಂಧರಸ್ವಾಮಿಯ ಕಥೆ ಇದಕ್ಕೆ ಉತ್ತರ. ವಾದೀಭಸಿಂಹಸೂರಿಯ ಕ್ಷತ್ರಚೂಡಾಮಣಿಯಲ್ಲಿ, ಕನ್ನಡದಲ್ಲಿ 1424ರಲ್ಲಿ ಭಾಸ್ಕರ ಕವಿ ಬರೆದ ಜೀವಂಧರ ಚರಿತೆಯಲ್ಲಿ ಈ ಕಥೆ ಬಂದಿದೆ. ಹೊಡೆತ ತಿಂದು ಸಾಯುತ್ತಿದ್ದ ನಾಯಿಯೊಂದನ್ನು ಜೀವಂಧರನು ಉಳಿಸಲಾರದೆ ಹೋದನು. ಆಗ ಅದರ ಬಳಿ ಕುಳಿತು ಪಂಚನಮಸ್ಕಾರವನ್ನು ಕೇಳಿಸಿದನು. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಆ ಉಪಕಾರವನ್ನು ಮರೆಯದೆ ಬಂದು ವಂದಿಸಿತು. ನಾಯಿಗೆ ಮಂತ್ರದ ಅರ್ಥ ತಿಳಿದಿರಲಾರದು. ಆದರೆ ಅದರ ಕೊನೆಯ ಗಳಿಗೆಯಲ್ಲಿ ಹೊಡೆದವರ ಮೇಲಿನ ಕೋಪ ತಣ್ಣಗಾಗಿ ಒಂದು ಶಾಂತ ಸ್ವರದ ಮೇಲೆ ಮನಸ್ಸು ನಿಂತಿತು. ಪರಿಣಾಮವೇ ಗತಿಗೆ ಕಾರಣ. ಹಾಗೆಂದು ಮಂತ್ರ ಕೇಳಿದ ಪ್ರತಿಯೊಂದು ಪ್ರಾಣಿಯೂ ದೇವನಾಯಿತೆಂದು ಹೇಳಿಕೊಳ್ಳಬಾರದು. ನಿಮಿತ್ತವನ್ನು ಒದಗಿಸುವುದಷ್ಟೇ ಶ್ರಾವಕನ ಕೈಯಲ್ಲಿದೆ.

ದಶಲಕ್ಷಣ ಪರ್ವದಲ್ಲಿ ಉತ್ತಮ ತಪಧರ್ಮದ ದಿನ ಬಂತು. ಬಾಲಿಕೆ ಊಟಕ್ಕೆ ಏಳಲಿಲ್ಲ. ಬೆಳ್ಳಿ ತಿನ್ನುವವರೆಗೆ ತಾನೂ ತಿನ್ನೆನೆಂದಳು. ಬಸದಿಯ ಹೆಂಗಸರು ಇಷ್ಟು ಚಿಕ್ಕವಳಿಗೆ ಎಂತಹ ಉಪವಾಸವೆಂದು ಮೆಚ್ಚಿದರು. ಅಜ್ಜಿ ಮಾತ್ರ ಮೆಚ್ಚಲಿಲ್ಲ.

"ಇದು ಉಪವಾಸವಲ್ಲ ಮಗು. ದುಃಖಕ್ಕೆ ಅನ್ನ ಬಿಟ್ಟರೆ ಹೊಟ್ಟೆ ಬರಿದಾಗುತ್ತದೆ, ಮನಸ್ಸು ದುಃಖದಿಂದ ತುಂಬಿಯೇ ಇರುತ್ತದೆ" ಎಂದರು.

ಅಜ್ಜಿಯ ಈ ಮಾತಿಗೆ ಆಗಮದ ಆಧಾರವಿದೆ. ಪ್ರಿಯವಾದುದು ಅಗಲುವಾಗ ಅದನ್ನೇ ಮತ್ತೆ ಮತ್ತೆ ನೆನೆದು ಕುದಿಯುವುದು ಇಷ್ಟವಿಯೋಗಜವೆಂಬ ಆರ್ತಧ್ಯಾನ. ಆರ್ತಧ್ಯಾನದ ಫಲ ತಿರ್ಯಂಚಗತಿ. ವಿಚಿತ್ರವನ್ನು ನೋಡಬೇಕು: ತಿರ್ಯಂಚಗತಿಯಲ್ಲಿದ್ದ ಜೀವವೊಂದನ್ನು ಮೇಲೆತ್ತಬೇಕೆಂದು ಬಯಸುವವರು ಅದಕ್ಕಾಗಿ ಅತ್ತು ಅತ್ತು ತಾವೇ ಆ ಗತಿಯ ದಾರಿ ಹಿಡಿಯಬಹುದು! ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ರಾಜನೂ ರಾಜಮಾತೆಯೂ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪದ ಫಲವಾಗಿ ನವಿಲು ನಾಯಿಗಳಾಗಿ ತಮ್ಮ ಅರಮನೆಗೇ ಮರಳಿದರು. ಅರಸನ ಪದವಿಗೂ ಪ್ರಾಣಿಯ ಪಂಜರಕ್ಕೂ ನಡುವೆ ಇರುವುದು ಒಂದು ಪರಿಣಾಮದ ಅಂತರ ಮಾತ್ರ.

ಆದರೆ ಕಣ್ಣೀರೇ ಪಾಪವೆಂದು ಮಗುವನ್ನು ಗದರಿಸುವುದೂ ಧರ್ಮವಲ್ಲ. ಗೃಹಸ್ಥನಿಗೆ ರಾಗವಿದೆ, ಅಗಲಿಕೆಯಲ್ಲಿ ಅಳು ಬರುತ್ತದೆ. ಅಳುವಿಗೆ ಒಂದು ದಂಡೆ ಕಟ್ಟಬೇಕು, ಆ ದಂಡೆಯೇ ವ್ರತ. ಅಜ್ಜಿ ಮೊಮ್ಮಗಳಿಗೆ ಊಟ ಮಾಡಿಸಿ, ಹುಣ್ಣಿಮೆಯವರೆಗೆ ಸಿಹಿಯನ್ನು ಬಿಡುವ ಪುಟ್ಟ ರಸತ್ಯಾಗದ ನಿಯಮವನ್ನೂ ದಿನಕ್ಕೆ 108 ಸಲ ಜಪವನ್ನೂ ಹೇಳಿಕೊಟ್ಟರು. ದುಃಖದಿಂದ ಬಿಟ್ಟ ಅನ್ನ ದುಃಖವನ್ನು ಬೆಳೆಸುತ್ತದೆ. ಅರಿತು ಬಿಟ್ಟ ಒಂದು ತುಣುಕು ಬೆಲ್ಲ ಮನಸ್ಸನ್ನು ಗಟ್ಟಿಮಾಡುತ್ತದೆ.

ಮರುದಿನ ಉತ್ತಮ ತ್ಯಾಗಧರ್ಮದ ದಿನ. ಅಂದಿನ ರಾತ್ರಿ ಕಳೆದು ಆಕಿಂಚನ್ಯಧರ್ಮದ ದಿನ ಬೆಳಗಾಗುವ ಮೊದಲು, ಅಜ್ಜಿಯ ಮೆಲುದನಿ ನಡೆಯುತ್ತಿರುವಾಗಲೇ, ಬೆಳ್ಳಿಯ ಪಕ್ಕೆ ಏರಿಳಿಯುವುದು ನಿಂತಿತು. ಬಾಲಿಕೆಯ ಬೆರಳು ಅದರ ಬೆನ್ನಿನ ಮೇಲೆಯೇ ಇತ್ತು.

ಮೃತದೇಹವನ್ನು ಬಹಳ ಹೊತ್ತು ಇಡಬಾರದು. ಅದರಲ್ಲಿ ಸೂಕ್ಷ್ಮ ಜೀವಗಳ ಉತ್ಪತ್ತಿಯಾಗುತ್ತದೆ. ಆದರೆ ಕತ್ತಲಲ್ಲಿ ನೆಲ ಅಗೆದರೆ ಬೇರೆ ಜೀವಗಳಿಗೆ ಘಾತವಾದೀತು. ಬೆಳಕು ಹರಿದೊಡನೆ ತಂದೆ ಹಿತ್ತಿಲಲ್ಲಿ ಇರುವೆಯ ಸಾಲು, ಎರೆಹುಳು ಇಲ್ಲದ ಒಣನೆಲವನ್ನು ನೋಡಿ, ನಾಯಿ ಕೆದರದಷ್ಟು ಆಳದ ಗುಂಡಿಯನ್ನು ತೋಡಿದರು. ಹತ್ತಿಯ ಬಟ್ಟೆಯಲ್ಲಿ ಸುತ್ತಿದ ದೇಹವನ್ನು ಅಲ್ಲಿಟ್ಟು ಮುಚ್ಚಿ ಎಲ್ಲರೂ ಸ್ನಾನ ಮಾಡಿದರು. ಗುಂಡಿಯ ಮೇಲೆ ಕಟ್ಟೆ ಕಟ್ಟಲಿಲ್ಲ, ಎಡೆಯಿಡಲಿಲ್ಲ. ಹೋದ ಜೀವಕ್ಕೆ ಇಲ್ಲಿಂದ ಅನ್ನನೀರು ಮುಟ್ಟುವುದೆಂಬುದು ಲೋಕಮೂಢತೆ.

"ಬೆಳ್ಳಿ ಈಗ ಎಲ್ಲಿದೆ ಅಜ್ಜಿ?" ಎಂದು ಬಾಲಿಕೆ ಕೇಳಿದಳು.

"ನೀನು ಕೈ ತೆಗೆಯುವ ಮೊದಲೇ ಅದು ಹೊಸ ಜಾಗ ಸೇರಿತು. ಎಲ್ಲಿ ಎಂಬುದು ಕೇವಲಿಗಳಿಗೆ ಮಾತ್ರ ಗೊತ್ತು" ಎಂದರು ಅಜ್ಜಿ.

ಒಂದು ದೇಹವನ್ನು ಬಿಟ್ಟ ಸಂಸಾರೀ ಜೀವ ಹೆಚ್ಚೆಂದರೆ ನಾಲ್ಕನೆಯ ಸಮಯಕ್ಕೆ ಮುಂದಿನ ಜನ್ಮಸ್ಥಾನವನ್ನು ಸೇರುತ್ತದೆ. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆಯುತ್ತವೆ. ಅಗಲಿದವರ ಆತ್ಮ ಮನೆಯ ಸುತ್ತ ಅಲೆಯುವುದಿಲ್ಲ, ಹಿಂದಿರುಗಿ ನೋಡುವುದಿಲ್ಲ. ಈ ಮಾತು ಕೇಳಲು ಕಠಿನ, ಆದರೆ ಇದರಲ್ಲಿಯೇ ಸಾಂತ್ವನವಿದೆ. ಮಣ್ಣಿನಲ್ಲಿಟ್ಟುದು ಬೆಳ್ಳಿಯಲ್ಲ, ಬೆಳ್ಳಿ ಬಿಟ್ಟುಹೋದ ಗೂಡು. 'ನನ್ನದು' ಎಂದು ಹಿಡಿದುಕೊಂಡುದು ಯಾವುದೂ ತನ್ನದಲ್ಲವೆಂಬುದೇ ಆಕಿಂಚನ್ಯ. ಆ ದಿನದ ಧರ್ಮವನ್ನು ಪಂಡಿತರ ವ್ಯಾಖ್ಯಾನಕ್ಕೆ ಮೊದಲೇ ಬಾಲಿಕೆ ಬರಿದಾದ ಪಂಜರದ ಮುಂದೆ ಕಲಿತಳು.

ಪರ್ವ ಮುಗಿದು ಕ್ಷಮಾವಣಿ ಬಂತು. ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಬೇಡಿದರು. ಬಾಲಿಕೆ ಬರಿಯ ಪಂಜರದ ಮುಂದೆ ಕೈಮುಗಿದು, ಕೂಡಿಹಾಕಿದುದಕ್ಕೆ, ಅಷ್ಟಮಿಯಂದು ಹಸಿಯಗೊಟ್ಟುದಕ್ಕೆ ಕ್ಷಮೆ ಕೇಳಿದಳು. ಕೇಳುವ ಜೀವ ಅಲ್ಲಿರಲಿಲ್ಲ. ಆದರೆ ಕ್ಷಮೆಯಿಂದ ಮೊದಲು ಹಗುರಾಗುವುದು ಬೇಡಿದವನ ಆತ್ಮ.

ಅದನ್ನು ಬಾಗಿಲಲ್ಲಿ ನಿಂತು ನೋಡಿದ ತಂದೆ ಅಂಗಡಿಗೆ ಹೋದರು. ಉಗ್ರಾಣದ ಮೂಟೆಗಳ ಹಿಂದೆ ಇಲಿಪಾಷಾಣದ ಉಂಡೆಗಳನ್ನು ಅವರು ವರ್ಷಗಳಿಂದ ಇಡುತ್ತಿದ್ದರು. ಇಲಿಗೆ ವಾಂತಿ ಮಾಡುವ ಶಕ್ತಿಯಿಲ್ಲ. ನುಂಗಿದ ವಿಷವನ್ನು ಹೊರಹಾಕಲಾರದು. ಈಗ ಬಹುವಾಗಿ ಬಳಸುವ ವಿಷಗಳಿಂದ ಒಳಗೇ ರಕ್ತ ಸೋರಿ ಹಲವು ದಿನ ನರಳಿ ಸಾಯುತ್ತದೆ. ಒಂದು ಇಲಿಯ ನೋವನ್ನು ನೋಡಲಾರದೆ ಹಲವು ರಾತ್ರಿ ನಿದ್ದೆಗೆಟ್ಟವರು, ಅದೇ ಜಾತಿಯ ಇನ್ನೆಷ್ಟೋ ಜೀವಗಳಿಗೆ ಅದಕ್ಕಿಂತ ಘೋರವಾದ ನೋವನ್ನು ಕಾಸು ಕೊಟ್ಟು ಕೊಂಡು ಇಟ್ಟಿದ್ದರು! ಅವರು ಉಂಡೆಗಳನ್ನೆಲ್ಲ ಆಯ್ದು ಯಾವ ಪ್ರಾಣಿಗೂ ಸಿಗದಂತೆ ಆಳದಲ್ಲಿ ಹೂಳಿದರು. ಗೋಡೆಯ ಬಿಲಗಳಲ್ಲಿ ಇಲಿಗಳಿಲ್ಲವೆಂದು ನೋಡಿಕೊಂಡು ಸಿಮೆಂಟು ತುಂಬಿಸಿದರು. ಕಿಂಡಿಗಳಿಗೆ ತಂತಿಯ ಬಲೆ ಹೊಡೆಸಿದರು. ಕಾಳುಗಳನ್ನು ಮುಚ್ಚಳದ ತಗಡಿನ ಡಬ್ಬಗಳಿಗೆ ಸುರಿಸಿದರು. ಇಲಿಜ್ವರ, ಪ್ಲೇಗುಗಳ ಭಯ ಸುಳ್ಳಲ್ಲ. ಉಗ್ರಾಣದಿಂದ ಇಲಿಗಳನ್ನು ದೂರವಿಡುವುದು ಗೃಹಸ್ಥನಿಗೆ ಅಗತ್ಯವೇ. ಆದರೆ ಬರದಂತೆ ತಡೆಯುವುದು ಬೇರೆ, ಕರೆದು ವಿಷವಿಕ್ಕುವುದು ಬೇರೆ. ಎರಡನೆಯದು ಸಂಕಲ್ಪೀ ಹಿಂಸೆ, ಅದು ಅಣುವ್ರತಿಗೆ ನಿಷಿದ್ಧ.

ಮೋಹಕ್ಕೂ ಕರುಣೆಗೂ ಇರುವ ಅಂತರ ಇದು. ಮೋಹ ಒಂದನ್ನು ಆರಿಸಿಕೊಂಡು ಅದು ತನ್ನದೆನ್ನುತ್ತದೆ. ಅದು ಹೋದಾಗ ಪಂಜರವನ್ನು ಅಪ್ಪಿಕೊಂಡು ಅಳುತ್ತದೆ. ಕರುಣೆ ಆ ಒಂದರಿಂದ ಆರಂಭವಾಗಿ ಅಂತಹುದೇ ಆದ ಎಲ್ಲಕ್ಕೂ ಹರಿಯುತ್ತದೆ. ಬೆಳ್ಳಿಗೆ ಆ ಮನೆಯವರು ಕೊಟ್ಟ ನಿಜವಾದ ಬೀಳ್ಕೊಡುಗೆ ಹಿತ್ತಿಲಿನ ಗುಂಡಿಯಲ್ಲಿ ಮುಗಿಯಲಿಲ್ಲ, ಅಂಗಡಿಯ ಉಗ್ರಾಣದಲ್ಲಿ ನೆರವೇರಿತು.

ಆದುದರಿಂದ ಪ್ರಾಣಿಗಳನ್ನು ಸಾಕಿದ ಶ್ರಾವಕ ಶ್ರಾವಿಕೆಯರು ನೆನಪಿಡಬೇಕು. ತಮ್ಮ ವ್ರತದ ದಿನ ಅವುಗಳ ಅನ್ನ ನೀರು ತಪ್ಪದಿರಲಿ. ಅವುಗಳ ಅಂತ್ಯಕಾಲದಲ್ಲಿ ನಾಲ್ಕು ದಾನಗಳೂ ದೊರೆಯಲಿ, ಪ್ರಾಣಹರಣ ಮಾತ್ರ ಬೇಡ. ಅಗಲಿಕೆಯ ದುಃಖವು ಆರ್ತಧ್ಯಾನವಾಗಿ ಕೊಳೆಯದೆ ಒಂದು ನಿಯಮವಾಗಿ ನಿಲ್ಲಲಿ. ಮಾರಾಟಕ್ಕಿಟ್ಟ ಪ್ರಾಣಿಯನ್ನು ಕೊಂಡುತಂದು ಬಂಧದ ವ್ಯಾಪಾರವನ್ನು ಬೆಳೆಸುವ ಬದಲು, ದಿಕ್ಕಿಲ್ಲದೆ ಬಾಗಿಲಿಗೆ ಬಂದ ಜೀವಕ್ಕೆ ಆಸರೆ ಕೊಡಲಿ. ಆ ಮನೆಯ ಹಿತ್ತಾಳೆಯ ಬಟ್ಟಲನ್ನು ಅಜ್ಜಿ ಎತ್ತಿಡಲಿಲ್ಲ. ಹಿತ್ತಿಲ ಗೋಡೆಯ ಮೇಲೆ ನೀರು ತುಂಬಿ ಇಟ್ಟರು. ಅಳಿಲೂ ಗುಬ್ಬಿಯೂ ಅದರಲ್ಲಿ ಕುಡಿಯುತ್ತವೆ. ಉಪವಾಸದ ದಿನವೂ ಅದು ಬರಿದಾಗುವುದಿಲ್ಲ.

ಸಕಲ ಜೀವಿಗಳಿಗೂ ಅಭಯವಾಗಲಿ. ಸರ್ವರಿಗೂ ಸಮಾಧಿಮರಣದ ಲಾಭವಾಗಲಿ. ಜಿನಶಾಸನಕ್ಕೆ ಮಂಗಲವಾಗಲಿ.